ಸಣ್ಣ ನಾಯಿ ಗಬ್ಬ ನಿಂತಿದೆಯಾ ಅಂತ ಖಚಿತ ಮಾಡಿಕೊಳ್ಳೋದು ಹೇಗೆ? ಕೈಯಾ, ಸ್ಕ್ಯಾನಾ, ಎಕ್ಸ್‌ರೇನಾ?

ಮೇಗರವಳ್ಳಿಯವಳು

ನಮ್ಮ ನಾಯಿ ಚಿಂಟಿ. ಪೊಮೆರೇನಿಯನ್ ಅಂತ ಕೊಟ್ಟರು, ಸ್ಪಿಟ್ಜ್ ಇರಬೇಕು ಅಂತ ನೋಡಿದವರು ಹೇಳುತ್ತಾರೆ. ಮೂರು ವರ್ಷ, ತೂಕ ಐದು ಕಿಲೋ. ಮೊದಲ ಸಲ. ಡಿಸೆಂಬರ್ 8ರ ಸುಮಾರಿಗೆ ಪಕ್ಕದ ಮನೆಯ ಪಗ್ ಜೊತೆ ಕೂಡಿದ್ದನ್ನು ಕೆಲಸದವರು ನೋಡಿದ್ದಾರೆ. ಅಡಿಕೆ ಕೊನೆ ಕೊಯ್ಲಿನ ಗಡಿಬಿಡಿಯಲ್ಲಿ ಗೇಟು ತೆರೆದೇ ಇತ್ತು. ಆಮೇಲೂ ಒಂದು ವಾರ ಊರ ನಾಯಿಗಳು ಅಂಗಳ ಬಿಟ್ಟು ಕದಲಲಿಲ್ಲ. ಹಾಗಾಗಿ ಅದೊಂದೇ ಸಲವೋ, ಮತ್ತೂ ಆಯಿತೋ, ಹೇಳಲಾರೆ.

ಈಗ ಜನವರಿ 3. ಎರಡು ಮೂರು ದಿನದಿಂದ ಅನ್ನ ಮೂಸಿ ಹೋಗುತ್ತಾಳೆ. ಮೊಲೆ ಸ್ವಲ್ಪ ಕೆಂಪಗಾಗಿ ಉಬ್ಬಿದೆ. ನಮ್ಮತ್ತೆ "ಗಬ್ಬವೇ, ಅನುಮಾನ ಬೇಡ" ಅನ್ನುತ್ತಾರೆ. ಇಲ್ಲಿನ ಡಾಕ್ಟ್ರು ಹೊಟ್ಟೆ ಮುಟ್ಟಿ ನೋಡಿದರು. ಚಿಂಟಿ ಹೊಟ್ಟೆ ಬಿಗಿ ಹಿಡಿದು ಗುರ್ ಅಂದಳು. "ಇರಬಹುದು" ಅಂದರು, ಅಷ್ಟೇ. ಅವರ ಹತ್ತಿರ ಸ್ಕ್ಯಾನ್ ಇಲ್ಲ. ಶಿವಮೊಗ್ಗಕ್ಕೆ ನಮಗೆ ಎರಡು ಗಂಟೆ ದಾರಿ, ಇವಳಿಗೆ ಕಾರು ಹತ್ತಿದರೆ ವಾಂತಿ. ಒಂದೇ ಸಲ ಹೋಗಿ ಕೆಲಸ ಮುಗಿಯಬೇಕು ಅಂದರೆ ಯಾವ ಪರೀಕ್ಷೆ ಮಾಡಿಸಲಿ?

ಗಾಂಧಿಬಜಾರ್ ಗಿರಾಕಿ

ಸುಮ್ನೆ ಯಾಕೆ ಖರ್ಚು ಮಾರಾಯ್ರೆ. ಇನ್ನೊಂದು ತಿಂಗಳು ತಡೆದರೆ ತಾನಾಗೇ ಗೊತ್ತಾಗುತ್ತದೆ. ನಮ್ಮಜ್ಜನ ಮನೆ ನಾಯಿ ಸೌದೆ ಕೊಟ್ಟಿಗೆಯ ಮೂಲೆ ಸೇರಿ ಆರಾರು ಮರಿ ಹಾಕಿ ಎದ್ದು ಬರುತ್ತಿತ್ತು. ಆಗ ಯಾವ ಸ್ಕ್ಯಾನ್ ಇತ್ತು? ಒಂದು ಕ್ಯಾಲ್ಸಿಯಂ ಟಾನಿಕ್ ತಂದು ಹಾಕಿ, ಸಾಕು.

ಕೊಪ್ಪದಕ್ಕ

ನಿಮ್ಮಜ್ಜನ ಮನೆಯದು ಊರ ನಾಯಿ, ಹದಿನೈದು ಕಿಲೋ ಇದ್ದಿರಬೇಕು. ಇದು ಐದು ಕಿಲೋದ್ದು, ಅದೂ ಗಂಡು ಪಗ್. ಪಗ್ ಮರಿಯ ತಲೆ ಎಷ್ಟು ದಪ್ಪ ಅಂತ ನೋಡಿದ್ದೀರಾ?

ಮೇಗರವಳ್ಳಿಯವರೇ, ಲಕ್ಷಣ ನೋಡಿ ನಂಬಬೇಡಿ. ನಮ್ಮನೆ ಡ್ಯಾಶ್‌ಹುಂಡ್ ಹೀಟ್ ಆಗಿ ಎರಡು ತಿಂಗಳಿಗೆ ಗೋಣಿಚೀಲ ಹರಿದು ಗೂಡು ಮಾಡಿತು. ಮೊಲೆಯಲ್ಲಿ ಹಾಲು. ಮಗಳ ಗೊಂಬೆ ಕಚ್ಚಿಕೊಂಡು ಹೋಗಿ ಮಂಚದ ಕೆಳಗೆ ಇಟ್ಟು ನೆಕ್ಕುತ್ತಿತ್ತು. ಹತ್ತಿರ ಹೋದರೆ ನಮಗೇ ಹಲ್ಲು ತೋರಿಸುತ್ತಿತ್ತು. ಆ ಸಲ ಗಂಡು ನಾಯಿಯ ನೆರಳೂ ಸೋಕಿರಲಿಲ್ಲ. ಸುಳ್ಳು ಗಬ್ಬ ಅಂದರು ಡಾಕ್ಟ್ರು. ಎರಡು ಮೂರು ವಾರಕ್ಕೆ ತಾನಾಗಿ ಇಳಿಯಿತು.

ಹೊಸನಗರದ ಹೈದ

ಎರಡು ಡೌಟು. ಮೆಡಿಕಲ್ ಶಾಪಿನಲ್ಲಿ ಸಿಗುವ ಮೂತ್ರದ ಕಿಟ್ ನಾಯಿಗೆ ಆಗುತ್ತದಾ? ಇಲ್ಲ ಅಂದರೆ ತೀರ್ಥಹಳ್ಳಿಯಲ್ಲೇ ಮನುಷ್ಯರ ಸ್ಕ್ಯಾನಿಂಗ್ ಸೆಂಟರ್ ಇರುತ್ತದಲ್ಲ, ಪರಿಚಯದವರಿದ್ದರೆ ಸಂಜೆ ಹೊತ್ತು ಕರೆದುಕೊಂಡು ಹೋಗಬಹುದಾ?

ದನದ ಡಾಕ್ಟ್ರು

ನಾನು ಇಲಾಖೆಯಿಂದ ನಿವೃತ್ತನಾದವನು. ದನದ ಡಾಕ್ಟ್ರು ಅಂತಲೇ ಊರಲ್ಲಿ ಕರೆಯುವುದು, ಆದರೆ ನಾಯಿಗಳನ್ನೂ ಬೇಕಾದಷ್ಟು ನೋಡಿದ್ದೇನೆ.

ಹೈದ, ಕಿಟ್ ಕೆಲಸ ಮಾಡುವುದಿಲ್ಲ. ಅದು ಹುಡುಕುವುದು ಎಚ್‌ಸಿಜಿ ಅನ್ನುವ ಹಾರ್ಮೋನು. ಅದು ಹೆಂಗಸರಲ್ಲಿ ಬರುತ್ತದೆ, ನಾಯಿಯಲ್ಲಿ ಬರುವುದೇ ಇಲ್ಲ. ಮರಿ ಹತ್ತಿದ್ದರೂ ಕಿಟ್ ಇಲ್ಲ ಅಂತಲೇ ಹೇಳುತ್ತದೆ. ಇನ್ನು ಮನುಷ್ಯರ ಸ್ಕ್ಯಾನ್ ಸೆಂಟರ್. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಬಂದ ಕಾಯ್ದೆಯ ಅಡಿ ಆ ಮೆಷಿನ್‌ಗಳಿಗೆ ನೋಂದಣಿ ಇದೆ, ಗರ್ಭಿಣಿಯರ ಪ್ರತಿ ಸ್ಕ್ಯಾನಿಗೂ ಲೆಕ್ಕ ಇಡಬೇಕು. ಪರಿಚಯದ ಮೇಲೆ ನಾಯಿ ಕರೆದುಕೊಂಡು ಹೋಗಿ ಅವರನ್ನು ಇಕ್ಕಟ್ಟಿಗೆ ಹಾಕಬೇಡಿ. ಅಲ್ಲದೆ ನಾಯಿಯ ಗರ್ಭಕೋಶಕ್ಕೆ ಎರಡು ಉದ್ದದ ಕವಲು, ಮರಿಗಳು ಎರಡರಲ್ಲೂ ಸಾಲಾಗಿ ಕೂತಿರುತ್ತವೆ. ನಾಯಿ ನೋಡಿ ಅಭ್ಯಾಸ ಇರುವವರೇ ನೋಡಬೇಕು.

ಕೊಪ್ಪದಕ್ಕ ಹೇಳಿದ ಸುಳ್ಳು ಗಬ್ಬ ನಿಜ. ನಾಯಿಯ ವಿಚಿತ್ರ ಏನೆಂದರೆ, ಹೀಟ್ ಆದ ಮೇಲೆ ಮರಿ ಹತ್ತಲಿ ಬಿಡಲಿ, ಪ್ರೊಜೆಸ್ಟರಾನ್ ಹಾರ್ಮೋನು ಎರಡು ತಿಂಗಳ ಹತ್ತಿರ ಮೇಲೇ ಇರುತ್ತದೆ. ಅದು ಇಳಿಯುವಾಗ ಹಾಲಿನ ಹಾರ್ಮೋನು ಏರುತ್ತದೆ. ಮೈಗೆ ಮರಿ ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಅದಕ್ಕೇ ಪ್ರೊಜೆಸ್ಟರಾನ್ ರಕ್ತ ಪರೀಕ್ಷೆಯಿಂದ ಗಬ್ಬ ಹೇಳಲಾಗದು. ಮೊಲೆ ಉಬ್ಬುವುದು, ಊಟ ಬಿಡುವುದು, ಹೊಟ್ಟೆ ದಪ್ಪಗಾಗುವುದು, ಎಲ್ಲವೂ ಎರಡಕ್ಕೂ ಬರುತ್ತವೆ. ನಾಲ್ಕನೇ ವಾರದ ಹತ್ತಿರ ಕೆಲವು ದಿನ ಊಟ ಕಮ್ಮಿಯಾಗುವುದು ಗಬ್ಬದ ನಾಯಿಯಲ್ಲಿ ಸಾಮಾನ್ಯ. ಚಿಂಟಿ ಲೆಕ್ಕಕ್ಕೆ ಹೊಂದುತ್ತದೆ, ಆದರೆ ಅಷ್ಟೇ ಸಾಲದು.

ಮುಟ್ಟಿ ನೋಡುವುದಕ್ಕೆ 25ರಿಂದ 35 ದಿನದ ಒಳಗೆ ಒಂದು ಸಣ್ಣ ಕಿಂಡಿ ಇದೆ. ಸಣ್ಣ ನಾಯಿಯಲ್ಲಿ ಆಗ ಮರಿಯ ಚೀಲಗಳು ಗೋಟಡಿಕೆಯ ಹಾಗೆ ಬಿಡಿ ಬಿಡಿಯಾಗಿ ಸಿಗುತ್ತವೆ. ಆಮೇಲೆ ನೀರು ತುಂಬಿ ಎಲ್ಲ ಒಂದಾಗಿ ಕೈಗೆ ಏನೂ ಗೊತ್ತಾಗುವುದಿಲ್ಲ. ನಾಯಿ ಹೊಟ್ಟೆ ಬಿಗಿ ಹಿಡಿದರೆ, ದಪ್ಪ ಇದ್ದರೆ, ಒಂದೇ ಮರಿ ಪಕ್ಕೆಯ ಮರೆಯಲ್ಲಿದ್ದರೆ ತಪ್ಪಿ ಹೋಗುತ್ತದೆ. ನಿಮ್ಮ ಡಾಕ್ಟ್ರು "ಇರಬಹುದು" ಅಂದದ್ದು ಪ್ರಾಮಾಣಿಕ ಮಾತು. ಒಂದು ಎಚ್ಚರ: ಮನೆಯಲ್ಲಿ ಯಾರೂ ಒತ್ತಿ ನೋಡಲು ಹೋಗಬೇಡಿ.

ಹೊಸನಗರದ ಹೈದ

ಡಾಕ್ಟ್ರೇ, ನಮ್ಮನೆ ಎಮ್ಮೆಗೆ ಕೈ ಹಾಕಿ ನೋಡಿ ಎರಡೂವರೆ ತಿಂಗಳು ಅಂತ ಕರಾರುವಾಕ್ಕಾಗಿ ಹೇಳುತ್ತಾರಲ್ಲ, ನಾಯಿಗೆ ಯಾಕೆ ಆಗುವುದಿಲ್ಲ?

ದನದ ಡಾಕ್ಟ್ರು

ಎಮ್ಮೆಗೆ ಮೊಣಕೈ ತನಕ ಒಳಗೆ ಹಾಕಿ ಗರ್ಭಕೋಶವನ್ನೇ ಹಿಡಿದು ನೋಡುತ್ತೇವೆ. ಐದು ಕಿಲೋ ನಾಯಿಗೆ ಆ ದಾರಿಯಲ್ಲಿ ಒಂದು ಬೆರಳಷ್ಟೇ ಹೋಗುತ್ತದೆ ಮಾರಾಯ.

ಮೇಗರವಳ್ಳಿಯವಳು

ನಗು ಬಂತು. ಅತ್ತೆಗೆ ಓದಿ ಹೇಳಿದೆ, ಅವರೂ ನಕ್ಕರು, ಆದರೆ "ಗಬ್ಬವೇ" ಅನ್ನುವುದು ಬಿಟ್ಟಿಲ್ಲ.

ಹಾಗಾದರೆ ಸ್ಕ್ಯಾನಾ, ಎಕ್ಸ್‌ರೇನಾ? ರಕ್ತ ಪರೀಕ್ಷೆ ಬೇರೆ ಇದೆ ಅಂತ ಎಲ್ಲೋ ಓದಿದೆ.

ಸಾಗರ ಸವಾರ

ನಮ್ಮ ಪಗ್‌ಗೆ ಎರಡೂ ಮಾಡಿಸಿದ್ದೆವು. ತಿಂಗಳಿಗೆ ಸ್ಕ್ಯಾನ್ ಮಾಡಿ "ಇದೆ, ಎರಡಿರಬಹುದು" ಅಂದರು. ಕೊನೇ ವಾರದ ಎಕ್ಸ್‌ರೇಯಲ್ಲಿ ಕಂಡದ್ದು ಒಂದೇ ಮರಿ, ಅದೂ ದೊಡ್ಡದು. ಒಂದೇ ಮರಿ ಆದರೆ ಹೆರಿಗೆ ನೋವು ಸರಿಯಾಗಿ ಶುರುವಾಗದೇ ದಿನ ಮೀರಬಹುದು ಅಂತ ಹೇಳಿ, ಮೊದಲೇ ದಿನ ಗೊತ್ತು ಮಾಡಿ ಸಿಸೇರಿಯನ್ ಮಾಡಿದರು. ತಾಯಿ ಮರಿ ಎರಡೂ ಚೆನ್ನಾಗಿವೆ. ನಡುರಾತ್ರಿ ಮಳೆಯಲ್ಲಿ ಡಾಕ್ಟ್ರನ್ನು ಹುಡುಕಿಕೊಂಡು ಅಲೆಯುವುದು ತಪ್ಪಿತು. ಎಕ್ಸ್‌ರೇ ಬಿಡಬೇಡಿ ಅನ್ನುವುದು ನನ್ನ ಮಾತು.

ಕೊಪ್ಪದಕ್ಕ

ನನ್ನ ಮಾತು ಉಲ್ಟಾ. ಒಂದೇ ಸಲ ಹೋಗುವುದಾದರೆ ಈಗಲೇ ಸ್ಕ್ಯಾನ್. ಎಕ್ಸ್‌ರೇಗೆ ಇನ್ನೊಂದು ತಿಂಗಳು ಕಾಯಬೇಕು. ಅಷ್ಟರಲ್ಲಿ ಹೊಟ್ಟೆಯಲ್ಲಿರುವುದು ಮರಿಯೋ ಕೀವೋ ಯಾರಿಗೆ ಗೊತ್ತು? ನಮ್ಮ ಓಣಿಯ ಒಂದು ನಾಯಿ ಹೀಗೇ "ಗಬ್ಬ, ಗಬ್ಬ" ಅಂತ ಎಲ್ಲರೂ ಮೊಟ್ಟೆ ಹಾಕಿ ಸಾಕಿ, ಕೊನೆಗೆ ಗರ್ಭಕೋಶದ ಕೀವಿಗೆ ಹೋಯಿತು.

ದನದ ಡಾಕ್ಟ್ರು

ಇಬ್ಬರು ಹೇಳಿದ್ದೂ ಸರಿ. ಎರಡು ಪರೀಕ್ಷೆಗಳು ಎರಡು ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತವೆ, ಗೋಜಲು ಅಲ್ಲೇ ಆಗುತ್ತಿದೆ.

ಸ್ಕ್ಯಾನ್ ಹೇಳುವುದು "ಇದೆಯಾ, ಜೀವ ಇದೆಯಾ" ಅಂತ. ಮೂರೂವರೆ ವಾರದ ಹೊತ್ತಿಗೆ ಚೀಲ ಕಾಣುತ್ತದೆ, ನಾಲ್ಕನೇ ವಾರಕ್ಕೆ ಗುಂಡಿಗೆ ಮಿಣುಕುವುದು ಕಾಣುತ್ತದೆ. ತೀರಾ ಬೇಗ ಹೋದರೆ "ಇಲ್ಲ" ಅಂತ ಬರಬಹುದು, ಮತ್ತೆ ಒಂದು ವಾರ ಬಿಟ್ಟು ನೋಡಬೇಕಾಗುತ್ತದೆ. ಕೂಡಿದ ದಿನ ನಿಮಗೆ ಒಂದು ವಾರ ಹಿಂದೆ ಮುಂದೆ ಇರುವುದರಿಂದ ಇದು ಮುಖ್ಯ. ಗಂಡಿನ ವೀರ್ಯ ಹೆಣ್ಣಿನ ಮೈಯಲ್ಲಿ ಒಂದು ವಾರದ ತನಕ ಬದುಕಿರಬಲ್ಲದು. ಹಾಗಾಗಿ ಕೂಡಿದ ದಿನದಿಂದ ಲೆಕ್ಕ ಹಾಕಿದರೆ ಮರಿ ಹಾಕುವುದು 57ರಿಂದ 72 ದಿನದ ನಡುವೆ ಯಾವಾಗ ಬೇಕಾದರೂ ಆಗಬಹುದು. ಮೊಟ್ಟೆ ಬಿಡುಗಡೆಯಾದ ದಿನದಿಂದ ಹಿಡಿದರೆ 63ರ ಆಸುಪಾಸು. ಸ್ಕ್ಯಾನಿನಲ್ಲಿ ಮರಿಯ ಅಳತೆ ತೆಗೆದರೆ ದಿನ ಎಷ್ಟಾಯಿತು ಅಂತ ಚೆನ್ನಾಗಿಯೇ ಅಂದಾಜು ಸಿಗುತ್ತದೆ. ಸ್ಕ್ಯಾನಿನ ಕೊರತೆ ಒಂದೇ, ಮರಿ ಎಣಿಸಲು ಅದನ್ನು ನಂಬಲಾಗದು. ಒಂದೇ ಮರಿಯನ್ನು ಎರಡು ಕಡೆಯಿಂದ ಕಂಡು ಎರಡು ಅನ್ನಬಹುದು, ಕರುಳಿನ ಗಾಳಿಯ ಹಿಂದೆ ಇರುವುದು ಬಿಟ್ಟೂ ಹೋಗಬಹುದು. ಸಾಗರದವರಿಗೆ ಆದದ್ದು ಅದೇ.

ಎಕ್ಸ್‌ರೇ ಹೇಳುವುದು "ಎಷ್ಟು, ಎಷ್ಟು ದೊಡ್ಡದು" ಅಂತ. ಮರಿಯ ಮೂಳೆಗೆ ಸುಣ್ಣ ಕಟ್ಟುವ ತನಕ ಫಿಲ್ಮಿನಲ್ಲಿ ಏನೂ ಮೂಡುವುದಿಲ್ಲ. 45ರ ಸುಮಾರಿಗೆ ಮಸುಕಾಗಿ ಶುರು. ನೆಚ್ಚಿಕೊಂಡು ತಲೆಬುರುಡೆ, ಬೆನ್ನೆಲುಬು ಎಣಿಸಬೇಕಾದರೆ 55 ದಾಟಬೇಕು. ಆ ಹಂತದಲ್ಲಿ ಒಂದೆರಡು ಎಕ್ಸ್‌ರೇಯಿಂದ ಮರಿಗೆ ತೊಂದರೆ ಇಲ್ಲ.

ರಕ್ತ ಪರೀಕ್ಷೆ ಅಂದರೆ ರಿಲಾಕ್ಸಿನ್. ಅದು ಮಾಸಿನಿಂದ ಬರುವ ಹಾರ್ಮೋನು, ಸುಳ್ಳು ಗಬ್ಬದಲ್ಲಿ ಬರುವುದಿಲ್ಲ. ಆ ಮಟ್ಟಿಗೆ ಒಳ್ಳೇ ಪರೀಕ್ಷೆ. ಆದರೆ ಎಲ್ಲ ಕಡೆ ಸಿಗುವುದಿಲ್ಲ. ಸಣ್ಣ ನಾಯಿಯಲ್ಲಿ ಒಂದೇ ಮರಿ ಇದ್ದರೆ ಹಾರ್ಮೋನು ಕಮ್ಮಿಯಾಗಿ "ಇಲ್ಲ" ಅಂತ ತೋರಿಸಬಹುದು. ಮರಿ ಬದುಕಿದೆಯಾ ಅಂತಲೂ ಹೇಳುವುದಿಲ್ಲ. ಶಿವಮೊಗ್ಗಕ್ಕೇ ಹೋಗುವವರು ಅದಕ್ಕೆ ದುಡ್ಡು ಹಾಕುವ ಬದಲು ಸ್ಕ್ಯಾನ್ ಮಾಡಿಸುವುದೇ ಮೇಲು.

ಈಗ ನಿಮಗೆ ನನ್ನ ಪ್ರಶ್ನೆ. ಗಬ್ಬ ಅಂತಾದರೆ ಮರಿ ಸಾಕುವ ಮನಸ್ಸಿದೆಯಾ? ಈಚೆಗೆ ಏನಾದರೂ ಔಷಧ ಕೊಟ್ಟಿದ್ದೀರಾ? ನೀರು ಜಾಸ್ತಿ ಕುಡಿಯುತ್ತದೆಯಾ, ಹಿಂದಿನಿಂದ ಏನಾದರೂ ಸೋರುತ್ತಿದೆಯಾ?

ಮೇಗರವಳ್ಳಿಯವಳು

ಮರಿ ಸಾಕುವ ವಿಷಯ ಮನೆಯಲ್ಲಿ ಒಮ್ಮತ ಇಲ್ಲ. ನಮ್ಮವರಿಗೆ ಬೇಡ, ಅತ್ತೆಗೂ ಮಗನಿಗೂ ಬೇಕು. ನೀರು ಮಾಮೂಲು, ಸೋರುವುದು ಏನಿಲ್ಲ.

ಔಷಧ ಅಂದಿರಲ್ಲ, ಅದೇ ಈಗ ತಲೆಬಿಸಿ. ತೋಟದಲ್ಲಿ ಉಣುಗು ವಿಪರೀತ, ಇವಳ ಕಿವಿಯ ಒಳಗೆಲ್ಲ ಇತ್ತು. ಉಣುಗಿನ ಜ್ವರ ಇದ್ದರೂ ಇರಬಹುದು ಅಂತ ಪರಿಚಯದವರು ಡಾಕ್ಸಿಸೈಕ್ಲಿನ್ ಮಾತ್ರೆ ತಂದು ಕೊಟ್ಟಿದ್ದಾರೆ. ಇನ್ನೂ ಶುರು ಮಾಡಿಲ್ಲ.

ದನದ ಡಾಕ್ಟ್ರು

ಶುರು ಮಾಡಬೇಡಿ. ಗಬ್ಬದ ನಾಯಿಗೆ ಡಾಕ್ಸಿಸೈಕ್ಲಿನ್ ಆದಷ್ಟು ತಪ್ಪಿಸುತ್ತೇವೆ. ಮರಿಯ ಮೂಳೆ, ಹಲ್ಲಿಗೆ ತೊಂದರೆ. ಹಾಗಂತ ನಿಜವಾಗಿಯೂ ಉಣುಗು ಜ್ವರ ಇದ್ದರೆ ಬಿಡುವ ಹಾಗೂ ಇಲ್ಲ, ತಾಯಿಗೇ ಅಪಾಯ. ಊಟ ಬಿಟ್ಟದ್ದು ಗಬ್ಬಕ್ಕೋ ಜ್ವರಕ್ಕೋ ಅಂತ ಮನೆಯಲ್ಲಿ ಕೂತು ಹೇಳಲಾಗದು. ಜ್ವರ ಅಳೆಯಿರಿ. ನಾಯಿಯ ಮೈ ಬಿಸಿ ನಮಗಿಂತ ಜಾಸ್ತಿ, 101-102 ಫ್ಯಾರನ್‌ಹೀಟ್ ಮಾಮೂಲು. 103 ದಾಟಿದರೆ ಅಥವಾ ಒಸಡು ಬಿಳಿಚಿಕೊಂಡಿದ್ದರೆ ಕಾಯದೇ ಹೊರಡಿ.

ಇಷ್ಟು ಕೇಳಿದ ಮೇಲೆ ನಿಮ್ಮ ಪ್ರಶ್ನೆಗೆ ಉತ್ತರ ಸುಲಭ. ಮೊದಲು ಸ್ಕ್ಯಾನ್, ಈ ವಾರದೊಳಗೆ. ಜೊತೆಗೆ ರಕ್ತ ಪರೀಕ್ಷೆಯೂ ಆಗಲಿ, ಉಣುಗು ಜ್ವರ ತಿಳಿಯುತ್ತದೆ. ಗಬ್ಬ ಅಂತಾದರೆ, ಮರಿ ಬೇಕು ಅಂತಾದರೆ, ಕೊನೇ ವಾರದಲ್ಲಿ ಎಕ್ಸ್‌ರೇ. ಎರಡು ಸಲದ ಓಡಾಟ ತಪ್ಪದು. ಊರಲ್ಲೇ ಆಪರೇಷನ್ ಸೌಕರ್ಯ ಇದ್ದಿದ್ದರೆ ಎಕ್ಸ್‌ರೇ ಬಿಟ್ಟರೂ ನಡೆಯುತ್ತಿತ್ತೇನೋ. ನಿಮಗೂ ಸಿಸೇರಿಯನ್ ಟೇಬಲ್ಲಿಗೂ ನಡುವೆ ಎರಡು ಗಂಟೆ ಕತ್ತಲ ದಾರಿ ಇದೆ. ಮರಿ ಎಷ್ಟು ಅಂತ ಗೊತ್ತಿಲ್ಲದಿದ್ದರೆ, ಒಂದು ಹಾಕಿ ಸುಮ್ಮನಾದ ನಾಯಿ ಮುಗಿಸಿದೆಯೋ ಸಿಕ್ಕಿಕೊಂಡಿದೆಯೋ ಹೇಗೆ ತಿಳಿಯುತ್ತೀರಿ?

ಮರಿ ಬೇಡ ಅನ್ನುವುದಾದರೂ ಸ್ಕ್ಯಾನ್ ಆದ ಮೇಲೇ ಮಾತು. "ಇಳಿಸುವ ಇಂಜೆಕ್ಷನ್" ಅಂತ ಯಾರಾದರೂ ಹಾಕಲು ಬಂದರೆ ಒಪ್ಪಬೇಡಿ. ಹಿಂದೆ ಬಳಸುತ್ತಿದ್ದ ಈಸ್ಟ್ರೋಜನ್ ಇಂಜೆಕ್ಷನ್ನಿನಿಂದ ಗರ್ಭಕೋಶದಲ್ಲಿ ಕೀವಾಗುವುದು, ರಕ್ತ ಹುಟ್ಟುವ ಮಜ್ಜೆ ಕೆಡುವುದು ಎರಡೂ ಇದೆ. ಬೇಡವೇ ಬೇಡ ಅಂತಾದರೆ ಗರ್ಭಕೋಶ ತೆಗೆಯುವ ಆಪರೇಷನ್ ಬಗ್ಗೆ ಡಾಕ್ಟ್ರ ಹತ್ತಿರ ಕೇಳಿ.

ಗಿರಾಕಿಯವರೇ, ಕ್ಯಾಲ್ಸಿಯಂ ಟಾನಿಕ್ ಮಾತ್ರ ಬೇಡ. ಗಬ್ಬದಲ್ಲಿ ಸುಮ್ಮನೆ ಕ್ಯಾಲ್ಸಿಯಂ ಸುರಿದರೆ ಮೈ ತನ್ನ ಮೂಳೆಯಿಂದ ಸುಣ್ಣ ತೆಗೆದುಕೊಳ್ಳುವುದನ್ನು ಮರೆಯುತ್ತದೆ. ಮರಿ ಹಾಲು ಕುಡಿಯಲು ಶುರು ಮಾಡಿದ ಮೇಲೆ ತಾಯಿಗೆ ನಡುಕ, ಸೆಟೆತ ಬರುತ್ತದೆ. ಸಣ್ಣ ಜಾತಿಯ ನಾಯಿಗಳಲ್ಲೇ ಅದು ಜಾಸ್ತಿ.

ಗಾಂಧಿಬಜಾರ್ ಗಿರಾಕಿ

ಟಾನಿಕ್ ಮಾತು ವಾಪಸ್ ತೆಗೆದುಕೊಂಡೆ. ಖರ್ಚಿನ ಮಾತು ತೆಗೆದುಕೊಳ್ಳುವುದಿಲ್ಲ. ಎರಡು ಸಲ ಕಾರು, ಸ್ಕ್ಯಾನ್, ಎಕ್ಸ್‌ರೇ, ರಕ್ತ ಪರೀಕ್ಷೆ. ಕೂಲಿ ಮಾಡುವವರ ಮನೆಯಲ್ಲೂ ನಾಯಿ ಇರುತ್ತದೆ ಡಾಕ್ಟ್ರೇ.

ದನದ ಡಾಕ್ಟ್ರು

ಅದಕ್ಕೆ ನನ್ನ ಹತ್ತಿರ ಎದುರುತ್ತರ ಇಲ್ಲ. ಇದ್ದುದರಲ್ಲಿ ಒಂದೇ ಮಾಡಿಸಬಲ್ಲೆ ಅನ್ನುವವರಿಗೆ, ನಾಯಿ ಚುರುಕಾಗಿದ್ದು, ಊಟ ಮಾಡುತ್ತಿದ್ದು, ಸೋರುವುದು ಏನೂ ಇಲ್ಲದಿದ್ದರೆ, ಕೊನೇ ವಾರದ ಎಕ್ಸ್‌ರೇ ಸಾಕು ಅನ್ನುತ್ತೇನೆ. ಚಿಂಟಿಯ ವಿಷಯದಲ್ಲಿ ಉಣುಗು ನಡುವೆ ಬಂದಿದ್ದರಿಂದ ಹಾಗೆ ಹೇಳಲಾರೆ.

ವಿನೋಬನಗರದವ

ವಿನೋಬನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನೂ ವಿಚಾರಿಸಿ. ಎಲ್ಲಿಗೆ ಹೋಗುವುದಾದರೂ ಮೊದಲು ಫೋನ್ ಮಾಡಿ, ಸ್ಕ್ಯಾನ್ ಮಾಡುವ ಡಾಕ್ಟ್ರು ಯಾವ ಹೊತ್ತಿಗೆ ಇರುತ್ತಾರೆ ಅಂತ ಕೇಳಿಯೇ ಹೊರಡಿ. ಮೇಗರವಳ್ಳಿಯಿಂದ ಬಂದು "ಇವತ್ತು ರಜೆ" ಅನ್ನಿಸಿಕೊಳ್ಳುವುದು ಬೇಡ. ಸ್ಪಿಟ್ಜ್ ಅಂದಿರಿ, ಹೊಟ್ಟೆಯ ಕೂದಲು ಬೋಳಿಸುತ್ತಾರೆ. ಚಳಿಗೆ ಒಂದು ಹಳೇ ಶಾಲು ಇಟ್ಟುಕೊಳ್ಳಿ.

ಕೊಪ್ಪದಕ್ಕ

ವಾಂತಿಗೆ: ಹೊರಡುವ ಮೂರು ನಾಲ್ಕು ಗಂಟೆ ಮೊದಲು ಊಟ ನಿಲ್ಲಿಸಿ, ನೀರು ಕೊಡಿ. ಕಿಟಕಿ ಸ್ವಲ್ಪ ತೆಗೆದಿಡಿ. ಮಂಡಗದ್ದೆಯ ಹತ್ತಿರ ನಿಲ್ಲಿಸಿ ಒಂದು ಸುತ್ತು ಅಡ್ಡಾಡಿಸಿ. ವಾಂತಿ ಮಾತ್ರೆಯನ್ನು ಡಾಕ್ಟ್ರು ಹೇಳದೆ ಹಾಕಬೇಡಿ.

ಮೇಗರವಳ್ಳಿಯವಳು

ಜನವರಿ 9ಕ್ಕೆ ಹೋಗಿ ಬಂದೆವು. ಗಬ್ಬವೇ! ಅತ್ತೆಯ ಮುಖ ನೋಡಬೇಕಿತ್ತು. ಎರಡು ಗುಂಡಿಗೆ ಸ್ಪಷ್ಟ ಕಂಡಿತು. ಮಿಣಿ ಮಿಣಿ ಅಂತ ಎಷ್ಟು ಜೋರಾಗಿ ಬಡಿಯುತ್ತಿತ್ತು. ಮೂರನೆಯದು ಇರಬಹುದು, ಇಲ್ಲದೆಯೂ ಇರಬಹುದು ಅಂದರು. ಅಳತೆ ನೋಡಿ ಅವತ್ತಿಗೆ 29 ದಿನ ಅಂತ ಬರೆದುಕೊಟ್ಟಿದ್ದಾರೆ. ಅಂದರೆ ನಾವು ಎಣಿಸಿದ್ದಕ್ಕಿಂತ ಮೂರು ದಿನ ಹಿಂದೆ. ಉಣುಗು ಜ್ವರದ ಪರೀಕ್ಷೆ ನೆಗೆಟಿವ್ ಬಂತು, ಮಾತ್ರೆ ಬೇಡ ಅಂದರು. ಉಣುಗು ಕೈಯಲ್ಲೇ ಕೀಳುತ್ತಿದ್ದೇವೆ, ಗಬ್ಬದಲ್ಲಿ ಹಾಕಬಹುದಾದ ಒಂದು ಔಷಧ ಬರೆದುಕೊಟ್ಟಿದ್ದಾರೆ.

ನಮ್ಮವರು ಪರದೆಯ ಮೇಲೆ ಗುಂಡಿಗೆ ನೋಡಿದವರು ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದು ಮರಿಗೆ ಬುಟ್ಟಿ ಎಲ್ಲಿಡುವುದು ಅಂತ ಕೇಳಿದರು. ಆ ಚರ್ಚೆ ಮುಗಿಯಿತು.

ಈಗ ಲೆಕ್ಕ ಹೇಗೆ ಹಾಕಲಿ? ಮತ್ತೆ, ಮರಿಯ ಅಪ್ಪ ಪಗ್ ಅಂತಲೇ ಹೇಳಬಹುದಾ?

ದನದ ಡಾಕ್ಟ್ರು

ಸಂತೋಷ. ಇನ್ನು ಡಿಸೆಂಬರ್ 8 ಮರೆತುಬಿಡಿ, ಸ್ಕ್ಯಾನಿನ ಲೆಕ್ಕ ಹಿಡಿಯಿರಿ. 63ಕ್ಕೆ ಫೆಬ್ರವರಿ 12 ಬರುತ್ತದೆ. ಒಂದೆರಡು ದಿನ ಆಚೀಚೆ. ಎಕ್ಸ್‌ರೇ ಫೆಬ್ರವರಿ 4ರ ಮೇಲೆ. ಅವತ್ತೇ ಡಾಕ್ಟ್ರ ಹತ್ತಿರ ಮರಿಯ ತಲೆಯನ್ನೂ ತಾಯಿಯ ಸೊಂಟದ ದಾರಿಯನ್ನೂ ಹೋಲಿಸಿ ನೋಡಲು ಹೇಳಿ, ಸಿಸೇರಿಯನ್ ಬೇಕಾದರೆ ರಾತ್ರಿ ಹೊತ್ತು ಯಾರು ಸಿಗುತ್ತಾರೆ ಅಂತ ಕೇಳಿ ನಂಬರ್ ಬರೆದುಕೊಂಡು ಬನ್ನಿ.

ಅಪ್ಪ ಯಾರು ಅಂತ ಹುಟ್ಟಿದ ಮೇಲೆ ನೋಡಿ. ಒಂದೇ ಹೀಟಿನಲ್ಲಿ ಎರಡು ಗಂಡು ಕೂಡಿದ್ದರೆ ಒಂದೇ ಸೂಲಿನಲ್ಲಿ ಇಬ್ಬರು ಅಪ್ಪಂದಿರ ಮರಿ ಇರಬಹುದು.

ಕೊನೇ ವಾರ ದಿನಕ್ಕೆ ಎರಡು ಸಲ ಮೈ ಬಿಸಿ ಅಳೆದು ಬರೆದಿಡಿ. 99 ಫ್ಯಾರನ್‌ಹೀಟಿಗಿಂತ ಕೆಳಗೆ ಇಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ. ಜೋರಾಗಿ ಮುಕ್ಕಿಯೂ ಅರ್ಧ ಗಂಟೆಯಲ್ಲಿ ಮರಿ ಬರದಿದ್ದರೆ, ಒಂದು ಮರಿ ಆಗಿ ಎರಡು ಗಂಟೆ ದಾಟಿದರೂ ಇನ್ನೊಂದು ಬರದಿದ್ದರೆ, ಅಥವಾ ಮೊದಲ ಮರಿಗಿಂತ ಮುಂಚೆಯೇ ಕಡು ಹಸಿರು ಸೋರಿದರೆ ಗಾಡಿ ಹತ್ತಿಸಿ. ಫೋನು ದಾರಿಯಲ್ಲಿ ಮಾಡಿ. ಸಿಗ್ನಲ್ ಸಿಗುವ ಜಾಗ ನಿಮಗೇ ಗೊತ್ತು.

ಮೇಗರವಳ್ಳಿಯವಳು

ಫೆಬ್ರವರಿ ಮೊದಲ ವಾರ ಕೊನೇ ಕೊಯ್ಲಿನ ಕೆಲಸದವರು ಬರುತ್ತಾರೆ, ಕಾರು ಓಡಿಸುವವರು ಯಾರೂ ಬಿಡುವಾಗುವುದಿಲ್ಲ. ಎಕ್ಸ್‌ರೇ 8ಕ್ಕೆ ಇಟ್ಟುಕೊಂಡರೆ ನಡೆಯುತ್ತದಾ?

ದನದ ಡಾಕ್ಟ್ರು

8ಕ್ಕೆ 59 ದಿನ. ನಡೆಯುತ್ತದೆ, ಮೂಳೆ ಇನ್ನೂ ಚೆನ್ನಾಗಿಯೇ ಕಾಣುತ್ತದೆ. ಅದಕ್ಕಿಂತ ಮುಂದೆ ಹಾಕಬೇಡಿ, ದಾರಿಯಲ್ಲೇ ಹೆರಿಗೆ ಆದೀತು. ಅವತ್ತು ಬೆಳಿಗ್ಗೆ ಮೈ ಬಿಸಿ 99ರ ಕೆಳಗಿದ್ದರೆ ಹೊರಡುವ ಮೊದಲು ಡಾಕ್ಟ್ರಿಗೆ ಫೋನ್ ಮಾಡಿ ಕೇಳಿ.

ಮೇಗರವಳ್ಳಿಯವಳು

8ಕ್ಕೇ ಗಟ್ಟಿ ಮಾಡಿದೆ. ಹಿಂದಿನ ಸೀಟಿಗೆ ಅತ್ತೆ ಈಗಲೇ ಹೆಸರು ಬರೆಸಿದ್ದಾರೆ.